ಕಂಪ್ಯೂಟರ್ ಕೋಣೆಯಲ್ಲಿ ಕಟ್ಟಿದ ಊರು

ಸೇಡಂನಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಸರ್ಕಾರಿ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಸೇರಿದಳು. ತರಬೇತಿ ಮುಗಿಸಿಕೊಂಡವಳೇ ನಮ್ಮ ಮನೆಗೆ ಬಂದು ಕೂತಳು. ತರಗತಿಯಲ್ಲಿ ವಿಡಿಯೊ ಗೇಮ್ ಆಡಿಸಿ ಪಾಠ ಮಾಡುವುದನ್ನು ಅಲ್ಲಿ ಹೇಳಿಕೊಟ್ಟರಂತೆ. ಮಕ್ಕಳು ತೆರೆಯ ಮೇಲೆ ಊರು ಕಟ್ಟಬೇಕು, ರಸ್ತೆ, ನೀರು, ಆಸ್ಪತ್ರೆ ಎಲ್ಲಿರಬೇಕೆಂದು ತಾವೇ ಯೋಚಿಸಬೇಕು, ಹಾಗೆಯೇ ಕಂಪ್ಯೂಟರೂ ಕಲಿಯಬೇಕು. "ಟೀಚರ್, ನೀವು ಆಗಿನ ಕಾಲದಾಗೇ ಇದನ್ನ ಮಾಡೀರಂತ, ಖರೆ ಏನ್ರಿ?" ಎಂದು ಕೇಳಿದಳು. ಖರೆ ಎಂದೆ. "ಹ್ಯಾಂಗ ಆಯ್ತ್ರಿ?" ಎಂದಳು. ಬಾಯಿಂದ ಹೇಳುವಷ್ಟು ಸುಲಭವಿಲ್ಲ, ಬರೆದುಕೊಡುತ್ತೇನೆ ಎಂದು ಚಹಾ ಕುಡಿಸಿ ಕಳಿಸಿದೆ.

ನಿವೃತ್ತರಾದವರು ಬರೆಯಲು ಕೂತರೆ ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆವು ಎಂಬುದೇ ಅರ್ಧ ಪುಸ್ತಕವಾಗುತ್ತದೆ. ನನಗೂ ಬಡ್ತಿ ಬಂದಿತ್ತು. ಮೊದಲಿನ ಕುರ್ಚಿಗೆ ಕೈಗಳಿರಲಿಲ್ಲ, ಆಮೇಲಿನದಕ್ಕೆ ಇದ್ದವು. ಅದರ ಬಗ್ಗೆ ಇಷ್ಟು ಸಾಕು.

ನನ್ನ ನೌಕರಿ ಶುರುವಾದದ್ದು ಚಿಂಚೋಳಿ ಕಡೆಯ ಒಂದು ಶಾಲೆಯಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ. ಪಂಚಾಯತಿ ಎಂದರೇನು, ಊರಿನ ಕೆಲಸಗಳನ್ನು ಯಾರು ನಿರ್ಧರಿಸುತ್ತಾರೆ ಎಂಬ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅರ್ಧ ಮಕ್ಕಳ ಮನೆಮಾತು ತೆಲುಗು. ಕನ್ನಡದಲ್ಲಿ ಒಪ್ಪಿಸಿ, ತೆಲುಗಿನಲ್ಲಿ ಅದೇನೆಂದು ಪಕ್ಕದವರನ್ನು ಕೇಳುತ್ತಿದ್ದರು. ನೋಡಿ ನೋಡಿ ಬೇಸತ್ತು ಒಂದು ದಿನ ಅವರನ್ನೆಲ್ಲ ಬಯಲಿಗೆ ಕರೆದುಕೊಂಡು ಹೋಗಿ, ಕೆಂಪು ಮಣ್ಣು ಕಲೆಸಿ ಒಂದು ಊರು ಮಾಡಿರೆಂದೆ. ಎಂಥ ಉತ್ಸಾಹ ಬಂತೆಂದರೆ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆಗೆ ಮೇಕೆಗಳು ಬಂದು ಪಂಚಾಯತಿ ಆಫೀಸನ್ನೂ ಬಾವಿಯನ್ನೂ ಒಟ್ಟಿಗೇ ತುಳಿದುಹಾಕಿದವು.

ಮೇಕೆಗಳಾದರೂ ಪರವಾಗಿಲ್ಲ. ಮರುದಿನ ಮತ್ತೆ ಊರು ಕಟ್ಟುತ್ತಿದ್ದಾಗ ಬಂದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಮಕ್ಕಳ ಕೈಗಳಿಗೆ ಮೆತ್ತಿದ್ದ ಮಣ್ಣು ಕಂಡು, ಇವರಿಗೆ ಶಿಸ್ತಿಲ್ಲವೆಂದು ಸಾಲಾಗಿ ನಿಲ್ಲಿಸಿ ಅದೇ ಕೈಗಳ ಮೇಲೆ ಬೆತ್ತದಿಂದ ಹೊಡೆದರು. ಮಕ್ಕಳು ಅಳಲಿಲ್ಲ. ಮಾರನೆಯ ದಿನ ಊರು ಮಾಡೋಣ ಬನ್ನಿ ಎಂದರೆ ಒಬ್ಬರೂ ಏಳಲಿಲ್ಲ. ನನಗೆ ಆ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವರ್ಗವಾಯಿತು. ಊರಿನ ಹೆಸರು ಬರೆಯುವುದಿಲ್ಲ. ಆ ಜನ ಈಗಲೂ ಅಲ್ಲೇ ಬಾಳುತ್ತಿದ್ದಾರೆ. ನಾನು ಸೇಡಂನಿಂದ ವಾಡಿಯ ಕಡೆ ಹೋಗುವ ಪ್ಯಾಸೆಂಜರ್ ಹಿಡಿದು ಚಿತ್ತಾಪುರದಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೊದಲ್ಲಿ ಹೋಗುತ್ತಿದ್ದೆ. ಸೀಟು ಸಿಕ್ಕರೆ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಸಿಗದಿದ್ದರೆ ಸಿಮೆಂಟು ಫ್ಯಾಕ್ಟರಿಗೆ ಹೋಗುವವರ ಟಿಫಿನ್ ಡಬ್ಬಿಗಳ ನಡುವೆ ನಿಂತುಕೊಂಡೇ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಆ ದಾರಿ ನನ್ನನ್ನು ಹೈರಾಣ ಮಾಡಿಬಿಡುತ್ತಿತ್ತು.

ಹೆಡ್‌ಮಾಸ್ತರು ವೀರಭದ್ರಪ್ಪನವರು ಕೆಟ್ಟ ಮನುಷ್ಯರಲ್ಲ. ಹೆದರುವ ಮನುಷ್ಯರು. ಊರ ಗೌಡರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಗೌಡರ ಮನೆಯ ನಾಯಿ ಬೊಗಳಿದರೂ ಎದ್ದು ನಿಲ್ಲುವವರೆಂದು ನಾವು ಸ್ಟಾಫ್ ರೂಮಿನಲ್ಲಿ ಚೇಷ್ಟೆ ಮಾಡುತ್ತಿದ್ದೆವು. ಆ ಚೇಷ್ಟೆ ಎಷ್ಟು ನಿಜವಾಗಿತ್ತೆಂದು ಆಮೇಲೆ ತಿಳಿಯಿತು.

ಅವರ ಕಾಲದಲ್ಲೇ ಶಾಲೆಗೆ ಕಂಪ್ಯೂಟರುಗಳು ಬಂದವು. ಲಾರಿ ಬಂದ ದಿನ ಊರೇ ಸೇರಿತ್ತು. ಹೆಡ್‌ಮಾಸ್ತರು ಎಲ್ಲ ಪೆಟ್ಟಿಗೆಗಳಿಗೂ ಅರಿಶಿನ ಕುಂಕುಮ ಹಚ್ಚಿಸಿ, ಹೊಸ್ತಿಲಲ್ಲಿ ಒಡೆಯಬೇಕಾದ ತೆಂಗಿನಕಾಯಿಯನ್ನು ಭಕ್ತಿ ಹೆಚ್ಚಾಗಿ ಒಳಗೇ ಒಡೆದರು. ನೀರು ನೇರವಾಗಿ ನೆಲದ ಮೇಲಿದ್ದ ಸ್ವಿಚ್ ಬೋರ್ಡಿಗೆ ಹೋಯಿತು. ಹೀಗಾಗಿ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಯುಗ ಫಟ್ ಎಂಬ ಸದ್ದಿನೊಂದಿಗೆ ಶುರುವಾಗಿ ತಿಂಗಳುಗಟ್ಟಲೆ ನಿಂತುಹೋಯಿತು. ಕೋಣೆಗೆ ಬೀಗ ಬಿತ್ತು, ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿತ್ತು, ಹೊದಿಕೆಯೊಳಗೆ ಇಲಿಗಳು ಸಂಸಾರ ಹೂಡಿದವು.

ಒಮ್ಮೆ ತಪಾಸಣೆಗೆ ಜಿಲ್ಲೆಯಿಂದ ಯಾರೋ ಬಂದರು. ಆ ದಿನ ಕರೆಂಟಿರಲಿಲ್ಲ. ಹೆಡ್‌ಮಾಸ್ತರು ಮಕ್ಕಳನ್ನು ಯಂತ್ರಗಳ ಮುಂದೆ ಕೂರಿಸಿ, ಕಪ್ಪು ತೆರೆ ನೋಡುತ್ತಾ ಕೀಲಿಗಳನ್ನು ಒತ್ತುತ್ತಲೇ ಇರಿ ಎಂದು ಹೇಳಿಟ್ಟರು. ಬಂದವರು ಬಾಗಿಲಲ್ಲಿ ನಿಂತು ಟಕಟಕ ಸದ್ದು ಕೇಳಿ, ಪ್ರಗತಿ ತೃಪ್ತಿಕರವೆಂದು ಬರೆದು ಹೋದರು. ಹೊಸದಾಗಿ ಸೇರುವವರು ನಗಬೇಡಿ. ನಿಮ್ಮ ಕಾಲದ ತಪಾಸಣೆಗಳು ಹೇಗಿರುತ್ತವೆಂದು ನನಗೂ ಕೇಳಿ ಗೊತ್ತು.

ಈ ಸ್ಥಿತಿ ಬದಲಾದದ್ದು ಮಹಬೂಬ್ ಬಂದ ಮೇಲೆ. ಅವನು ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಶಿಕ್ಷಕ, ಶಹಾಬಾದಿನವನು, ಬಾಯಿ ತುಂಬ ಮಾತು. ಇಲಿ ಓಡಿಸಿ, ವೈರ್ ಬದಲಿಸಿ, ಕೆಲವು ಯಂತ್ರಗಳನ್ನು ಎಬ್ಬಿಸಿದ. ಗುಲಬರ್ಗಾದಿಂದ ಊರು ಕಟ್ಟುವ ಆಟದ ಒಂದು ಸಿ.ಡಿ. ತಂದು ನನಗೆ ತೋರಿಸಿದ. ಬರಿಯ ಬಯಲು. ಅದರಲ್ಲಿ ರಸ್ತೆ ಎಳೆಯಬೇಕು, ನೀರಿನ ಟಾಕಿ ಕಟ್ಟಬೇಕು, ಕೊಳವೆ ಹಾಕಬೇಕು, ಮನೆಗಳಿಗೆ ಜಾಗ ಗುರುತಿಸಬೇಕು. ನೀರು ರಸ್ತೆ ಇದ್ದಲ್ಲಿಗೆ ಸಣ್ಣ ಸಣ್ಣ ಮನುಷ್ಯರು ಬಂದು ಸೇರುತ್ತಾರೆ. ಇಲ್ಲದಿದ್ದರೆ ಬಿಟ್ಟು ಹೋಗುತ್ತಾರೆ, ಮನೆಗಳು ಕಪ್ಪಾಗುತ್ತವೆ. "ನಿಮ್ಮ ಪಂಚಾಯತಿ ಪಾಠ ಪೂರಾ ಇದರಾಗ ಅದ ನೋಡ್ರಿ ಮೇಡಂ," ಎಂದ ಮಹಬೂಬ್. ಚಿಂಚೋಳಿಯ ಮಣ್ಣಿನ ಊರು ನೆನಪಾಗಿ ನನಗೆ ಭಾಳ ಖುಷಿಯಾಯಿತು. ಇದನ್ನು ಮೇಕೆ ತುಳಿಯಲಾರದು ಎಂದುಕೊಂಡೆ.

ಆದರೆ ಆ ಆಟ ನಡೆಯುತ್ತಿದ್ದದ್ದು ಒಂದೇ ಯಂತ್ರದಲ್ಲಿ. ಉಳಿದವಕ್ಕೆ ಅಷ್ಟು ತಾಕತ್ತಿರಲಿಲ್ಲ. ಹಾಗಾಗಿ ಒಂಬತ್ತನೇ ತರಗತಿಯವರೆಲ್ಲ ಸೇರಿ ಒಂದೇ ಊರು ಕಟ್ಟುವುದೆಂದಾಯಿತು. ಪ್ರತಿಯೊಬ್ಬರಿಗೂ ಸರದಿ. ಏನನ್ನಾದರೂ ಕಟ್ಟಲು ಯಾರ ಅಪ್ಪಣೆಯೂ ಬೇಡ, ಕಟ್ಟಿದ್ದನ್ನು ಕೆಡವಬೇಕಾದರೆ ಮಾತ್ರ ತರಗತಿಯ ಎಲ್ಲರೂ ಕೈ ಎತ್ತಬೇಕು, ಒಂದು ಕೈ ಕಡಿಮೆಯಾದರೂ ಕೆಡವುವಂತಿಲ್ಲ. ಈ ನಿಯಮ ನಾನು ಮಾಡಿದ್ದು. ಇಲ್ಲದಿದ್ದರೆ ಗಂಡುಹುಡುಗರು ಬುಲ್ಡೋಜರ್ ಚಿತ್ರ ಒತ್ತಿ ದಿನಕ್ಕೊಂದು ಸಲ ಊರನ್ನೇ ನೆಲಸಮ ಮಾಡಿಬಿಡುತ್ತಿದ್ದರು.

ಮಕ್ಕಳು ಮೌಸ್ ಹಿಡಿಯುವುದನ್ನೂ, ಕಡತ ಉಳಿಸುವುದನ್ನೂ, ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆಯುವುದನ್ನೂ ಈ ಆಟದಲ್ಲೇ ಕಲಿತರು. ಎಲ್ಲರಿಗಿಂತ ಬೇಗ ಕಲಿತವಳು ಸಾಬಮ್ಮ. ಹಳ್ಳದಾಚೆಯ ದಲಿತರ ಕೇರಿಯ ಹುಡುಗಿ. ಆ ಕೇರಿಯಿಂದ ಪ್ರೌಢಶಾಲೆಯ ತನಕ ಬಂದ ಮೊದಲ ಹೆಣ್ಣುಮಗಳು. ತಂದೆ ಭೀಮಶಾ ಕೂಲಿಯವನು. ಒಮ್ಮೆ ಅವನ ಜೊತೆ ತಾಲೂಕು ಆಫೀಸಿಗೆ ಹೋದಾಗ, ಕಂಪ್ಯೂಟರಿನ ಮುಂದೆ ಕೂತು ಪಹಣಿ ತೆಗೆದುಕೊಡುವ ಹೆಂಗಸನ್ನು ಕಂಡಿದ್ದಳಂತೆ. "ಹತ್ತನೇತ್ತಾ ಪಾಸಾದ್ರ ಅಲ್ಲಿ ಕುಂದರ್ಲಿಕ್ಕ ಬರ್ತದ ಏನ್ರಿ ಟೀಚರ್?" ಎಂದು ನನ್ನನ್ನು ಕೇಳಿದ್ದಳು. ಹತ್ತನೆಯದು ಮೊದಲು ಪಾಸು ಮಾಡು, ಮುಂದಿನದು ನೋಡೋಣ ಎಂದಿದ್ದೆ.

ಮಕ್ಕಳು ಕಟ್ಟಿದ ಮೊದಲ ಊರು ಅವರ ಹಳ್ಳಿಯ ಪಡಿಯಚ್ಚೇ ಆಗಿತ್ತು. ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಆದರೂ ನಡುವೆ ಟಾಕಿ, ಟಾಕಿಯ ಪಕ್ಕ ಗೌಡರ ಮನೆ, ಗುಡಿ, ಅಂಗಡಿ ಸಾಲು, ಫ್ಯಾಕ್ಟರಿ, ಕಟ್ಟಕಡೆಗೆ ಹಳ್ಳ, ಹಳ್ಳದಾಚೆ ಕೇರಿ. ಕೇರಿಯ ಮನೆಗಳನ್ನು ಇಟ್ಟವಳು ಸಾಬಮ್ಮನೇ. ಅಲ್ಲಿಗೆ ಕೊಳವೆ ಎಳೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ನೀರಿನಿಂದ ಯಾರು ಎಷ್ಟು ದೂರ ನಿಲ್ಲಬೇಕೆಂಬುದನ್ನು ನಾನೂ ಪುಸ್ತಕ ಓದಿ ತಿಳಿದವಳಲ್ಲ. ನನ್ನ ತಂದೆ ಸೇಡಂನಲ್ಲಿ ಗುಡಿಯ ಪೂಜೆ ನೋಡಿಕೊಂಡವರು. ನಮ್ಮ ಮನೆಯ ಮಡಿನೀರಿನ ಕೊಡ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬುದನ್ನು ನಡೆಯುವುದಕ್ಕಿಂತ ಮೊದಲೇ ಕಲಿತಿದ್ದೆ.

ಕೆಲವು ವಾರಗಳಲ್ಲಿ ಹಳ್ಳದಾಚೆಯ ಮನೆಗಳು ಒಂದೊಂದಾಗಿ ಕಪ್ಪಾದವು. ಅಲ್ಲಿಯ ಮಂದಿ ಹೋದ ಮೇಲೆ ಅಂಗಡಿಗಳು ಮುಚ್ಚಿದವು, ಫ್ಯಾಕ್ಟರಿ ನಿಂತಿತು. ಕೆಲಸಕ್ಕೆ ಜನವಿಲ್ಲವೆಂದು ಆಟವು ಮತ್ತೆ ಮತ್ತೆ ಹೇಳತೊಡಗಿತು. ಮಕ್ಕಳು ಕಂಗಾಲಾದರು. ಹಳ್ಳ ದಾಟಿ ಕೊಳವೆ ಹಾಕಲು ಆಟ ಬಿಡಲಿಲ್ಲ. ಆಗ ಗೌಡರ ತಮ್ಮನ ಮಗ ಶಿವಶರಣ, ತರಗತಿಯ ಮುಂದಾಳು, "ಮನಿಗೋಳನ್ನೇ ಈ ಕಡಿ ತಂದ್ರ ಹ್ಯಾಂಗ? ಟಾಕಿ ಬಾಜೂಕ ಜಾಗಾ ಅದ ಅಲಾ," ಎಂದ. ಅದು ಅವನಿಗೆ ಲೆಕ್ಕದ ಮಾತು, ಬೇರೇನೂ ಅಲ್ಲ. ಹಳ್ಳದಾಚೆಯದನ್ನು ಕೆಡವಲು ಎಲ್ಲರ ಕೈ ಕೇಳಿದೆ. ಶಿವಶರಣನ ಕೈ ಮೊದಲು ಎದ್ದಿತು, ಹಿಂದೆಯೇ ಎಲ್ಲರದೂ. ಟಾಕಿಯ ಪಕ್ಕ ಹೊಸ ಕೇರಿ ಕಟ್ಟಿದರು. ಒಂದು ಮನೆಯ ಮೇಲೆ ಸಾಬಮ್ಮ ತನ್ನ ಹೆಸರು ಬರೆದಳು. ವಾರ ಕಳೆಯುವುದರೊಳಗೆ ಊರು ಕಳೆಕಳೆಯಾಯಿತು. ಆ ಮಕ್ಕಳ ಕುಣಿತ ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಒಂಬತ್ತರ ಮಕ್ಕಳು ಹತ್ತಕ್ಕೆ ಬಂದರು, ಊರೂ ಅವರ ಜೊತೆಗೇ ಬಂತು. ಪರೀಕ್ಷೆಗೆ ಕೆಲವೇ ತಿಂಗಳಿರುವಾಗ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಭೇಟಿಗೆ ಬಂದರು. ಹೆಡ್‌ಮಾಸ್ತರು ಗೌಡರನ್ನೂ ಊರಿನ ಹಿರಿಯರನ್ನೂ ಕರೆಸಿದ್ದರು. ಕರೆಂಟೂ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು. ತೆರೆಯ ಮೇಲಿನದನ್ನು ವಿವರಿಸಲು ಶಿವಶರಣ ಮುಂದೆ ಬಂದ.

"ಇದು ನಮ್ಮೂರು ಸರ್. ಇದು ಟಾಕಿ. ಇದು ನಮ್ಮ ದೊಡ್ಡಪ್ಪನ ಮನಿ. ಬಾಜೂಕ ಇದು ಸಾಬಮ್ಮನ ಮನಿ."

"ಯಾವ ಸಾಬಮ್ಮ?" ಎಂದರು ಗೌಡರು.

"ಭೀಮಶಾನ ಮಗಳು ದೊಡ್ಡಪ್ಪ. ಮದಲ ಹಳ್ಳದ ಆಚಿ ಇತ್ತು. ನೀರು ಹೋಗ್ತಿದ್ದಿಲ್ಲ, ಊರೆಲ್ಲ ಹಾಳಾಗ್ಲಿಕತ್ತಿತ್ತು. ಅದಕ್ಕ ಎಲ್ಲಾರೂ ಕೈ ಎತ್ತಿ ಇಲ್ಲಿಗಿ ತಂದೀವಿ. ಈಗ ಭಾಳ ಛಂದ ನಡೀಲಿಕತ್ತದ."

"ನೀನೂ ಎತ್ತಿದೇನು?"

"ಎಲ್ಲಾರಕಿಂತ ಮದಲ ನಾನೇ ಎತ್ತಿದ್ದು," ಎಂದು ಹುಡುಗ ಎದೆಯುಬ್ಬಿಸಿ ಹೇಳಿದ.

ಅಧಿಕಾರಿ ಶಹಬ್ಬಾಸ್ ಎಂದು ಅವನ ಬೆನ್ನು ತಟ್ಟಿ, ಜೀಪು ಹತ್ತಿ ಹೋದರು. ಶಿವಶರಣ ಮರುದಿನ ಬರಲಿಲ್ಲ. ಆಮೇಲೆ ಬಂದಾಗ ಬಲಗೈಗೆ ಬಟ್ಟೆ ಸುತ್ತಿತ್ತು. ಬಾಗಿಲಲ್ಲಿ ಸಿಕ್ಕಿಬಿತ್ತು ಟೀಚರ್ ಎಂದ. ನಾನು ಎಷ್ಟು ಕೇಳಿದರೂ ಅಷ್ಟೇ ಹೇಳಿದ.

ಊರಿನಲ್ಲಿ ಏನು ಸುದ್ದಿಯಾಗಿದೆ ಎಂಬುದನ್ನು ತಂದವನು ಮಹಬೂಬ್. ಆಗತಾನೆ ರೈತರ ಪಹಣಿಗಳೆಲ್ಲ ಕಂಪ್ಯೂಟರಿಗೆ ಸೇರಿದ್ದವು. ಕೈಬರಹದ ಪಹಣಿ ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಖರೆ ಎಂದು ತಾಲೂಕು ಆಫೀಸಿನವರು ಊರಿಗೆಲ್ಲ ಹೇಳಿದ್ದರು. ಅದೇ ಕಂಪ್ಯೂಟರಿನಲ್ಲಿ ಈಗ ಗೌಡರ ಮನೆಯ ಪಕ್ಕ ಕೇರಿ ಬಂದಿದೆ. ಭೀಮಶಾನ ಮಗಳ ಹೆಸರು ಇಂಗ್ಲಿಷಿನಲ್ಲಿ ದಾಖಲಾಗಿದೆ. ಸರ್ಕಾರದ ಮನುಷ್ಯ ಖುದ್ದು ಬಂದು ನೋಡಿ ಒಪ್ಪಿ ಹೋಗಿದ್ದಾನೆ. ಇನ್ನು ಆರ್ಡರ್ ಬರುವುದೊಂದೇ ಬಾಕಿ ಎಂದು ಊರಿನ ದೊಡ್ಡವರು ನಂಬಿದ್ದರು. ಮಹಬೂಬ್ ಇದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಆ ವಾರದಿಂದ ಹಿಟ್ಟಿನ ಗಿರಣಿಯವನು ಕೇರಿಯವರ ಜೋಳ ಬೀಸುವುದನ್ನು ನಿಲ್ಲಿಸಿದ. ಕಿರಾಣಿ ಅಂಗಡಿಯಲ್ಲಿ ಅವರಿಗೆ ಎಣ್ಣೆ, ಬೆಂಕಿಪೊಟ್ಟಣ ಕೂಡ ಸಿಗಲಿಲ್ಲ. ಯಾರೂ ಕೂಲಿಗೆ ಕರೆಯಲಿಲ್ಲ. ಕೇರಿಯ ಹೆಂಗಸರು ಜೋಳ ಹೊತ್ತು ಬೇರೆ ಊರು, ಗುಂಡಗುರ್ತಿಯ ತನಕ ನಡೆದು ಬೀಸಿಸಿಕೊಂಡು ಬರುತ್ತಿದ್ದರು. ನಾನೂ ಮಹಬೂಬೂ ಗೌಡರ ಮನೆಗೆ ಹೋದೆವು.

"ಇದು ಆಟ ಅದ್ರಿ ಗೌಡ್ರೆ. ತಹಶೀಲ್ದಾರ ಆಫೀಸಿಗೂ ಇದಕ್ಕೂ ಏನೂ ಸಂಬಂಧಿಲ್ಲ. ಬೇಕಾದ್ರ ಈಗೇ ಹೋಗಿ ಪೂರಾ ಅಳಸಿಬಿಡ್ತೀನಿ," ಎಂದ ಮಹಬೂಬ್.

"ನೀ ಅಳಸ್ತಿ, ನಾಳಿ ಮತ್ತ ಬರೀತಿ," ಎಂದರು ಗೌಡರು. ದನಿ ಏರಿಸಲಿಲ್ಲ. "ಯಾರು ಕೈ ಎತ್ತಿ ಮಾಡ್ಯಾರ, ಅವರೇ ಕೈ ಎತ್ತಿ ತಗೀಲಿ. ನಾಕು ಮಂದಿ ಹಿರಿಯರ ಮುಂದ. ಆ ಹುಡುಗಿದೂ ಕೈ ಏಳ್ಬೇಕು. ಆಮ್ಯಾಲ ಅಕಿ ಸಾಲಿಗಿ ಬರ್ಲಿ, ಪರೀಕ್ಷಾ ಬರೀಲಿ, ಯಾರು ಬ್ಯಾಡ ಅಂತಾರ? ಟೀಚರ್, ನೀವು ಆಚಾರ್ರ ಮನಿಯವರು, ನಿಮಗ ನಾ ಏನ್ ಹೇಳೋದದ?"

"ನಮ್ಮ ಮನಿ ಸುದ್ದಿ ಬ್ಯಾಡ್ರಿ. ಮಕ್ಕಳ ಕೈಲಿ ಇದನ್ನ ನಾ ಮಾಡಸಂಗಿಲ್ಲ," ಎಂದೆ.

"ನೀವು ಯಾಕ ಮಾಡಸ್ತೀರಿ? ಹೆಡ್‌ಮಾಸ್ತರ್ ಅದಾರಲ್ಲ," ಎಂದರು.

ನಾನು ಚಿತ್ತಾಪುರಕ್ಕೆ ಹೋಗಿ, ಬೆನ್ನು ತಟ್ಟಿ ಹೋಗಿದ್ದ ಅದೇ ಅಧಿಕಾರಿಯನ್ನು ಕಂಡೆ. ಅವರು ಎಲ್ಲ ಕೇಳಿಕೊಂಡು, ಊರಿನ ಶಾಂತಿ ಮುಖ್ಯ, ಮಕ್ಕಳ ಆಟಕ್ಕಾಗಿ ಗದ್ದಲ ಬೇಡ, ಹೊಂದಿಕೊಂಡು ಹೋಗಿ ಎಂದರು. ಪೊಲೀಸ್ ಠಾಣೆಗೆ ದೂರು ಕೊಡೋಣವೆಂದು ಭೀಮಶಾನಿಗೆ ಹೇಳಿದೆ. ಅವನು ಕೈ ಮುಗಿದ. "ಬ್ಯಾಡ್ರಿ ಟೀಚರ್. ನೀವು ಸಂಜಿಗಿ ರೈಲು ಹತ್ತಿ ಹೋಗ್ತೀರಿ. ನಾವು ಇಲ್ಲೇ ಮಲಗಬೇಕು. ಅಕಿ ಹತ್ತನೇತ್ತಾ ಆಗ್ಲಿ, ಅದೊಂದೇ ನನ್ನ ಆಸಿ. ಕೈ ಎತ್ತಿದ್ರ ಸಾಲಿ ಉಳೀತದಂದ್ರ ಎತ್ಲಿ. ಆದ್ರ ಅಕಿ ಒಲ್ಲೆ ಅಂತ ಕುಂತಾಳ."

ಹಿರಿಯರು ಬಂದ ದಿನ ಕಂಪ್ಯೂಟರ್ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮಕ್ಕಳು ನೆಲದ ಮೇಲೆ ಕೂತಿದ್ದರು. ಭೀಮಶಾ ವರಾಂಡದಲ್ಲಿ, ಬಾಗಿಲಿಂದ ಆಚೆ. ನಾನು ಹೊರಗೆ ಹೋಗಬಹುದೆಂದು ಹೆಡ್‌ಮಾಸ್ತರು ಹೇಳಿದರು. ಮಕ್ಕಳನ್ನು ಬಿಟ್ಟು ಹೋಗಲು ಮನಸ್ಸಾಗದೆ ಅವರ ನಡುವೆಯೇ ನೆಲದ ಮೇಲೆ ಕೂತೆ.

ಹೆಡ್‌ಮಾಸ್ತರು ಟಾಕಿಯ ಪಕ್ಕದ ಮನೆಗಳನ್ನು ತೆಗೆಯಲು ಎಲ್ಲರೂ ಕೈ ಎತ್ತಿ ಎಂದರು. ಕೈಗಳು ಎದ್ದವು. ಒಂದು ವರ್ಷದ ಹಿಂದೆ ಚಂಗನೆ ಎದ್ದ ಕೈಗಳು ಈಗ ನಿಧಾನವಾಗಿ, ಮೊಣಕೈಯ ತನಕ ಮಾತ್ರ ಎದ್ದವು. ಶಿವಶರಣ ಎಡಗೈ ಎತ್ತಿದ. ಸಾಬಮ್ಮನ ಕೈ ಮಡಿಲಲ್ಲೇ ಇತ್ತು.

"ಆಯ್ತು, ಭಾಳ ಮಂದಿದು ಬಂತು," ಎಂದರು ಹೆಡ್‌ಮಾಸ್ತರು.

"ಎಲ್ಲಾರ್ದೂ ಬೇಕ್ರಿ ಸರ್. ಒಂದು ಕಡಿಮಿ ಆದ್ರೂ ಕೆಡವಲಿಕ್ಕ ಬರಂಗಿಲ್ಲ," ಎಂದಳು ಸಾಬಮ್ಮ.

ಗೌಡರು ಸಾಬಮ್ಮನನ್ನು ನೋಡಲಿಲ್ಲ. ತಲೆ ತಿರುಗಿಸಿ ವರಾಂಡದ ಕಡೆ ನೋಡಿದರು. ಅವಸರವೇ ಇಲ್ಲದ ನೋಟ. ಎಲ್ಲರೂ ಅತ್ತ ತಿರುಗಿದರು. ಭೀಮಶಾ ಕಂಬಕ್ಕೆ ಕೈಕೊಟ್ಟು ನಿಂತಿದ್ದವನು ಒಂದು ಹೆಜ್ಜೆ ಮುಂದೆ ಬಂದು, ಹೊಸ್ತಿಲ ಆಚೆಯೇ ನಿಂತು, "ಎತ್ತವ್ವ," ಎಂದ.

ಅವಳು ಎತ್ತಿದಳು. ಉಳಿದವರ ಹಾಗೆ ಅರ್ಧಕ್ಕಲ್ಲ, ಪೂರ್ತಿ ಎತ್ತಿದಳು.

ಹೆಡ್‌ಮಾಸ್ತರು ಮಹಬೂಬನಿಗೆ ಸನ್ನೆ ಮಾಡಿದರು. ಅವನು ಮೌಸ್ ಮುಟ್ಟಲಿಲ್ಲ. ಕೊನೆಗೆ ಹೆಡ್‌ಮಾಸ್ತರೇ ಕೂತು, ಎಲ್ಲಿ ಒತ್ತಬೇಕೆಂದು ತಿಳಿಯದೆ ತಡಕಾಡಿ, ಗುಡಿಯ ಗೋಡೆಯನ್ನೂ ಸ್ವಲ್ಪ ಕೆಡವಿ, ಆಮೇಲೆ ಕೇರಿಯ ಮನೆಗಳನ್ನು ಒಂದೊಂದಾಗಿ ತೆಗೆದರು. ಆಟದಲ್ಲಿ ಮನೆ ಬೀಳುವಾಗ ಒಂದು ಸಣ್ಣ ಸದ್ದು ಬರುತ್ತದೆ. ಮಕ್ಕಳು ಅದನ್ನು ಕೇಳುತ್ತಾ ಕೂತಿದ್ದರು. ಹಿರಿಯರು ಹೋದ ಮೇಲೂ ಅವರಲ್ಲಿ ಯಾರೂ ಏಳಲಿಲ್ಲ. ಎದ್ದೇಳಿ, ಮನೆಗೆ ಹೋಗಿ ಎಂದು ನಾನೇ ಹೇಳಬೇಕಾಯಿತು.

ಮರುದಿನ ಗಿರಣಿ ತೆರೆಯಿತು, ಅಂಗಡಿ ತೆರೆಯಿತು. ಕಂಪ್ಯೂಟರ್ ಕೋಣೆಗೆ ಮಾತ್ರ ಬೀಗ ಬಿತ್ತು. ಮಹಬೂಬನ ಗುತ್ತಿಗೆ ಮುಂದುವರಿಯಲಿಲ್ಲ. ಗೌಡರು ಮಾತಿಗೆ ತಪ್ಪಲಿಲ್ಲ, ಸಾಬಮ್ಮ ಶಾಲೆಗೆ ಬರಬಹುದಿತ್ತು. ಅವಳು ಬರಲಿಲ್ಲ. ಒಂದು ವಾರದೊಳಗೆ ಭೀಮಶಾ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಶಹಾಬಾದಿನ ಫರ್ಸಿ ಕಲ್ಲಿನ ಗಣಿಗೆ ಕೆಲಸಕ್ಕೆ ಹೋದನೆಂದು ತಿಳಿಯಿತು.

ಈಗ ಸೇರಿದ ಹುಡುಗಿಗೆ ಒಂದು ಮಾತು ಹೇಳಬೇಕು. ಆಟ ಆಡಿಸಬೇಡ ಎಂದು ನಾನು ಹೇಳುವುದಿಲ್ಲ. ಆ ಮಕ್ಕಳು ಒಂದು ವರ್ಷ ಕಲಿತಷ್ಟನ್ನು ನನ್ನ ಉಳಿದ ಎಲ್ಲ ವರ್ಷಗಳಲ್ಲಿ ಯಾರೂ ಕಲಿಯಲಿಲ್ಲ. ಆದರೆ ಊರು ಹೇಗಿರಬೇಕೆಂದು ಮಕ್ಕಳು ಸರಿಯಾಗಿ ಯೋಚಿಸಿದ ದಿನ ನಿನ್ನ ಕೆಲಸ ಮುಗಿಯುವುದಿಲ್ಲ, ಅಂದೇ ಶುರುವಾಗುತ್ತದೆ. ಆಗ ಇಲಾಖೆ ನಿನ್ನ ಹಿಂದೆ ನಿಲ್ಲುತ್ತದೆಂದು ತಿಳಿಯಬೇಡ. ತರಬೇತಿಯಲ್ಲಿ ಇದನ್ನು ಹೇಳಿರಲಾರರು.

ಪರೀಕ್ಷೆ ಹತ್ತಿರ ಬಂದಾಗ ನಾನು ವಾಡಿಯಲ್ಲಿ ರೈಲು ಬದಲಿಸಿ ಶಹಾಬಾದಿಗೆ ಹೋದೆ. ಮಹಬೂಬ್ ಸ್ಟೇಷನ್ನಿಗೆ ಬಂದು ಗಣಿಯ ತನಕ ಕರೆದುಕೊಂಡು ಹೋದ. ತಗಡಿನ ಜೋಪಡಿಯ ಹೊರಗೆ ಸಾಬಮ್ಮ ರೊಟ್ಟಿ ಬಡಿಯುತ್ತಿದ್ದಳು. ಮುಖ, ಹುಬ್ಬು ಎಲ್ಲ ಕಲ್ಲಿನ ಧೂಳು. ನನ್ನನ್ನು ಕಂಡು ಎದ್ದು ನಿಂತು, ಒಂದು ಚಪ್ಪಡಿ ಒರೆಸಿ, "ಕುಂದರ್ರಿ ಟೀಚರ್," ಎಂದಳು.

ಪರೀಕ್ಷೆಗೆ ಅವಳ ಹೆಸರು ಹೋಗಿತ್ತು, ನಂಬರು ಬಂದಿತ್ತು. ಪರೀಕ್ಷೆ ನಡೆಯುವುದು ಚಿತ್ತಾಪುರದಲ್ಲಿ, ಆ ಊರಿಗೆ ಕಾಲಿಡಬೇಕಾಗಿಲ್ಲ ಎಂದೆ. ಸೇಡಂನಲ್ಲಿ ನಮ್ಮ ಮನೆಯಲ್ಲೇ ಇರು, ನನ್ನ ಜೊತೆಗೇ ರೈಲಿನಲ್ಲಿ ಹೋಗಿ ಬರೋಣ ಎಂದೆ. ಬರುವ ಮೊದಲೇ ನನ್ನ ತಾಯಿಯ ಜೊತೆ ಇದೇ ವಿಷಯಕ್ಕೆ ಜಗಳ ಮಾಡಿ ಗೆದ್ದು ಬಂದಿದ್ದೆ. ಸಾಬಮ್ಮ ಎಲ್ಲ ಕೇಳಿದಳು. "ಒಲ್ಲೆ ಟೀಚರ್," ಎಂದಳು. ಯಾಕೆ ಎಂದೆ. ಒಲೆಯ ಮುಂದೆ ಕೂತು ಮುಂದಿನ ರೊಟ್ಟಿಗೆ ಹಿಟ್ಟು ನಾದಿದಳು. ಎಷ್ಟು ಬೇಡಿಕೊಂಡರೂ ಬೇರೆ ಮಾತು ಬರಲಿಲ್ಲ.

ಭೀಮಶಾ ಗಣಿಯಿಂದ ಬಂದ. ನಾನು ಅವನನ್ನು ಆ ಕಡೆ ಕರೆದೆ. ನನಗೆ ಅಳು ಬಂದಿತ್ತು, ಮುಚ್ಚಿಡಲೂ ಇಲ್ಲ. "ಅಕಿ ನನ್ನ ಮಾತು ಕೇಳವಲ್ಲಳು. ನೀವು ಹೇಳ್ರಿ. ಪರೀಕ್ಷಾ ಬರಿಯವ್ವ ಅಂತ ಒಂದು ಮಾತು ಅನ್ರಿ ಸಾಕು. ನಿಮ್ಮ ಮಾತು ಮೀರಂಗಿಲ್ಲ ಅಕಿ."

ಅವನು ಮಗಳ ಕಡೆ ನೋಡಿದ. ಅವಳು ನಮಗೆ ಬೆನ್ನು ಮಾಡಿ ಕೂತಿದ್ದಳು.

"ಗೊತ್ತದ್ರಿ ಟೀಚರ್," ಎಂದ. "ನಾ ಹೇಳಿದ್ರ ಬರೀತಾಳ. ಅವತ್ತೂ ನಾ ಹೇಳ್ದೆ, ಅಕಿ ಎತ್ತಿದ್ಳು. ಅದಕ್ಕೇ ಇನ್ನ ಅಕಿಗಿ ನಾ ಏನೂ ಹೇಳಂಗಿಲ್ರಿ."